ಉಪ್ಪಿನ ಗಂಟಿನ ಕಾವು

ನನಗೆ ಕಿವಿನೋವು ಬಂತೆಂದರೆ ನಮ್ಮ ಮನೆಯಲ್ಲಿ ಎರಡು ಒಲೆ ಹೊತ್ತುತ್ತಿದ್ದವು. ಅಡುಗೆಮನೆಯ ಮೂಲೆಯ ಸೌದೆ ಒಲೆ ಅಜ್ಜಿಯದು, ಎದುರು ಕಟ್ಟೆಯ ಮೇಲಿದ್ದ ಸೀಮೆಎಣ್ಣೆ ಸ್ಟೌ ಅಮ್ಮನದು. ಅಜ್ಜಿ ಎಂದರೆ ಅಪ್ಪನ ತಾಯಿ. ಅವಳು ಒಗ್ಗರಣೆ ಸೌಟಿನಲ್ಲಿ ಎಳ್ಳೆಣ್ಣೆ ಬಿಟ್ಟು, ಜಜ್ಜಿದ ಬೆಳ್ಳುಳ್ಳಿ ಹಾಕಿ ಕೆಂಡದ ಮೇಲೆ ಹಿಡಿಯುತ್ತಿದ್ದಳು. ಅಮ್ಮ ರೊಟ್ಟಿ ಹೆಂಚಿನ ಮೇಲೆ ಕಲ್ಲುಪ್ಪು ಹುರಿದು, ಹಳೆ ಪಂಚೆಯ ತುಂಡಿನಲ್ಲಿ ಗಂಟು ಕಟ್ಟುತ್ತಿದ್ದಳು. ಯಾವುದು ಮೊದಲು ಕಾಯುತ್ತದೋ ಆ ಕಡೆಗೆ ನನ್ನ ಕಿವಿ ತಿರುಗಬೇಕು. ಅಳುತ್ತಾ ಕೂತ ನನ್ನನ್ನು ಯಾವುದು ಬೇಕೆಂದು ಯಾರೂ ಕೇಳುತ್ತಿರಲಿಲ್ಲ. ಮಂಡಿಯಿಂದ ಬಂದ ಅಪ್ಪ ಬಾಗಿಲಲ್ಲೇ ನಿಂತು ಮೂಗರಳಿಸುತ್ತಿದ್ದ. ಬೆಳ್ಳುಳ್ಳಿಯ ವಾಸನೆ ಬಂದರೆ ಇವತ್ತು ತಾಯಿ ಗೆದ್ದಳು, ಬರದಿದ್ದರೆ ಹೆಂಡತಿ ಗೆದ್ದಳು ಎಂದು ತಿಳಿದುಕೊಂಡು, ಯಾರ ಮುಖವನ್ನೂ ನೋಡದೆ ಕಾಲು ತೊಳೆಯಲು ಹಿತ್ತಲಿಗೆ ಹೋಗಿಬಿಡುತ್ತಿದ್ದ.

ಹಿಂದೂಪುರದಲ್ಲಿ ಹುಣಸೆಹಣ್ಣಿನ ಮಂಡಿಗಳ ಹಿಂದಿನ ಓಣಿಯಲ್ಲಿತ್ತು ನಮ್ಮ ಮನೆ. ಚಪ್ಪಡಿ ಹಾಸಿದ ಮಾಳಿಗೆ, ಮುಂದೆ ಉದ್ದನೆಯ ಪಡಸಾಲೆ, ಅದರ ಹಿಂದೆ ಒಂದು ಕೋಣೆ, ಅಡುಗೆಮನೆ, ಹಿತ್ತಲು. ಅಪ್ಪ ಮಂಡಿಯಲ್ಲಿ ತೂಕ ನೋಡುವ ಕೆಲಸಕ್ಕಿದ್ದ. ಅಲ್ಲಿಂದ ಬಂದ ಹಣ್ಣನ್ನು ನಮ್ಮ ಪಡಸಾಲೆಯಲ್ಲೇ ಹರವಿ, ಕಲ್ಲಿನ ಮೇಲಿಟ್ಟು ಮರದ ಕೊಡತಿಯಿಂದ ಕುಟ್ಟಿ, ಬೀಜ ಮತ್ತು ನಾರು ಬೇರೆ ಮಾಡಿ ಕೊಡುವುದು ಅಜ್ಜಿಯ ಕೆಲಸ. ಓಣಿಯ ಹೆಂಗಸರೂ ಬಂದು ಕೂರುತ್ತಿದ್ದರು. ಬೆಳಗಿನಿಂದ ಸಂಜೆಯವರೆಗೆ ಟಕ್ ಟಕ್ ಎನ್ನುವ ಸದ್ದು, ಅದರ ಮಧ್ಯೆ ತೆಲುಗಿನಲ್ಲಿ ಶುರುವಾಗಿ ಕನ್ನಡದಲ್ಲಿ ಮುಗಿಯುವ ಮಾತು. ಮನೆಯ ಯಾವ ಮೂಲೆಗೆ ಹೋದರೂ ಹುಳಿಯ ವಾಸನೆ. ನನ್ನ ಶಾಲೆಯ ಚೀಲ, ತಲೆದಿಂಬು, ಹಬ್ಬಕ್ಕೆಂದು ಎತ್ತಿಟ್ಟ ಲಂಗ, ಎಲ್ಲಕ್ಕೂ ಅದೇ ವಾಸನೆ. ಆಗ ಅದು ವಾಸನೆ ಎಂದೇ ನನಗೆ ಗೊತ್ತಿರಲಿಲ್ಲ. ಎಲ್ಲರ ಮನೆಯ ಗಾಳಿಯೂ ಹಾಗೇ ಇರುತ್ತದೆ ಎಂದುಕೊಂಡಿದ್ದೆ.

ರೊದ್ದಂ ಪಕ್ಕದ ಹಳ್ಳಿಯಿಂದ ಸೊಸೆಯಾಗಿ ಬಂದಾಗಿನಿಂದ ಅಜ್ಜಿ ಹುಣಸೆ ಕುಟ್ಟಿದವಳು. ಹಣ್ಣಿನ ಹುಳಿ ಹತ್ತಿ ಹತ್ತಿ ಅವಳ ಅಂಗೈ ಕಪ್ಪಾಗಿ, ಬೆರಳ ತುದಿಗಳು ದಪ್ಪಗಟ್ಟಿದ್ದವು. ಒಲೆಯಿಂದ ಉರುಳಿ ಬಿದ್ದ ಕೆಂಡವನ್ನು ಅವಳು ಬೆರಳಿನಲ್ಲೇ ಎತ್ತಿ ಒಳಗೆ ಹಾಕುತ್ತಿದ್ದಳು. ಕುದಿಯುವ ಸಾರಿನ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸುತ್ತಿದ್ದಳು. ಅದು ನಮ್ಮ ಅಜ್ಜಿಯ ಮಹಿಮೆ ಎಂದು ನನಗೆ ಎಲ್ಲಿಲ್ಲದ ಜಂಬ. ಶಾಲೆಯ ಗೆಳತಿಯರನ್ನು ಕರೆತಂದು, ಅಜ್ಜಿ, ಒಂದು ಸಲ ಕೆಂಡ ಎತ್ತು ಎಂದು ಕಾಡುತ್ತಿದ್ದೆ. ಅವಳೂ ನಗುತ್ತಾ ಎತ್ತಿ ತೋರಿಸುತ್ತಿದ್ದಳು. ಆ ಕೈಯೇ ಮುಂದೆ ನಮ್ಮ ಮನೆಯನ್ನು ಎರಡು ಮಾಡುತ್ತದೆ ಎಂದು ಆಗ ಯಾರಿಗೆ ಗೊತ್ತಿತ್ತು.

ಅಜ್ಜಿಯ ಚಿಕಿತ್ಸೆಯಲ್ಲಿ ನನಗೆ ಇಷ್ಟವಾಗುತ್ತಿದ್ದುದು ಎಣ್ಣೆಯಲ್ಲ, ಅವಳ ತೊಡೆ. ನೂಲಿನ ಸೀರೆಯ ಆ ತೊಡೆಯ ಮೇಲೆ ಒಂದು ಮಗ್ಗುಲಾಗಿ ಮಲಗಿದರೆ ಅವಳ ಹೊಟ್ಟೆಯೊಳಗಿನ ಗುಡುಗುಡು ಕೇಳಿಸುತ್ತಿತ್ತು. ಒಂದು ಕೈಯಲ್ಲಿ ಕಿವಿಯ ಹಾಲೆಯನ್ನು ಹಿಂದಕ್ಕೆಳೆದು, ಇನ್ನೊಂದು ಕೈಯ ಬೆರಳನ್ನು ಎಣ್ಣೆಯಲ್ಲಿ ಅದ್ದಿ ಕಾವು ನೋಡಿ, ಹತ್ತಿಯಿಂದ ತೊಟ್ಟು ತೊಟ್ಟಾಗಿ ಬಿಡುತ್ತಿದ್ದಳು.

"ಅಳಬ್ಯಾಡ ಕಣಮ್ಮ. ಗಾಳಿ ಹೊಕ್ಕಂಡೈತೆ ಅಷ್ಟೆ. ಎಣ್ಣೆ ಬಿಟ್ಟೇಟ್ಗೆ ಓಡೋಯ್ತದೆ."

"ಯಾವ ಗಾಳಿ ಅಜ್ಜಿ?"

"ಮಾಳಿಗೆ ಮ್ಯಾಲೆ ಬರಿ ತಲೇಲಿ ಕುಣೀತಿದ್ಯಲ್ಲ, ಆ ಗಾಳಿ."

ಕಿವಿಯೊಳಗೆ ಎಣ್ಣೆ ಇಳಿಯುವಾಗ ಬುಳುಬುಳು ಸದ್ದಾಗಿ, ಲೋಕವೆಲ್ಲ ಒಮ್ಮೆಗೇ ದೂರ ಹೋದಂತಾಗುತ್ತಿತ್ತು. ನೋವು ಕಡಿಮೆಯಾಗುತ್ತಿತ್ತೋ ಇಲ್ಲವೋ ನೆನಪಿಲ್ಲ, ನಿದ್ದೆಯಂತೂ ಬರುತ್ತಿತ್ತು.

ನನ್ನ ಒಂದು ಕಿವಿಗೆ ಓಣಿಯಲ್ಲಿ ಎಷ್ಟು ಜನ ಕಾರಣ ಹೇಳುವವರಿದ್ದರೋ. ಅಜ್ಜಿಗೆ ಗಾಳಿ. ಪಕ್ಕದ ಮನೆಯ ಸುಬ್ಬಮ್ಮಕ್ಕ ತೆಲುಗಿನವಳು, ಅವಳ ಪ್ರಕಾರ "ದಿಷ್ಟಿ ತಗಿಲಿಂದಿ". ದೃಷ್ಟಿ ತಾಗಿದೆ ಎಂದು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿ ಮನೆಮಂದಿಯನ್ನೆಲ್ಲ ಕೆಮ್ಮಿಸುತ್ತಿದ್ದಳು. ಶಾಲೆಯ ಟೀಚರಿಗೆ ಕಿವಿಯ ಗುಗ್ಗೆಯ ಮೇಲೆ ಅನುಮಾನ. ಅಪ್ಪ ಒಮ್ಮೆ ಯಾರದೋ ಮಾತು ಕೇಳಿ ಬಸ್‌ಸ್ಟ್ಯಾಂಡಿನಲ್ಲಿ ಕಡ್ಡಿ ಹಿಡಿದು ಗುಗ್ಗೆ ತೆಗೆಯುವವನ ಹತ್ತಿರ ನನ್ನನ್ನು ಕರೆದುಕೊಂಡು ಹೋಗಿದ್ದ. ಕಡ್ಡಿ ನೋಡಿದ್ದೇ ನಾನು ಓಡಿದ ಓಟಕ್ಕೆ ಅಪ್ಪನ ಚಪ್ಪಲಿ ಕಿತ್ತುಹೋಯಿತು. ಅಮ್ಮನದು ಬೇರೆ ವಾದ. ಶನಿವಾರ ಎಣ್ಣೆ ಹಚ್ಚಿ ತಲೆಗೆ ನೀರು ಹಾಕುವಾಗ ಅತ್ತೆ ಕಿವಿ ಮುಚ್ಚುವುದಿಲ್ಲ, ಆ ನೀರು ಒಳಗೇ ನಿಲ್ಲುತ್ತದೆ. ಇಷ್ಟೆಲ್ಲದರ ನಡುವೆ ನನ್ನ ಮೂಗು ವರ್ಷದ ಅರ್ಧ ಭಾಗ ಸುರಿಯುತ್ತಲೇ ಇದ್ದುದನ್ನು ಮಾತ್ರ ಯಾರೂ ಕಿವಿಗೆ ಹೊಂದಿಸಿ ನೋಡಲಿಲ್ಲ. ಹುಣಸೆಯ ಧೂಳಿರುವ ಮನೆಯಲ್ಲಿ ಮಕ್ಕಳ ಮೂಗು ಸುರಿಯುವುದು ಒಂದು ಸಂಗತಿಯೇ ಅಲ್ಲ ಎನ್ನುವುದು ಎಲ್ಲರ ತಿಳಿವಳಿಕೆ.

ಅಮ್ಮನಿಗೆ ಎಣ್ಣೆಯ ಮೇಲೆ ಹಗೆ ಇರುವುದಕ್ಕೆ ಕಾರಣವಿತ್ತು. ಕಲ್ಯಾಣದುರ್ಗದಲ್ಲಿದ್ದ ಅವಳ ಅಣ್ಣ, ನನ್ನ ಸೋದರಮಾವ, ಬಲಗಿವಿ ಕೇಳಿಸದವನು. ಚಿಕ್ಕಂದಿನಲ್ಲಿ ಅವನ ಕಿವಿ ಸೋರುತ್ತಿತ್ತಂತೆ. ಸೋರುವ ಕಿವಿಗೂ ಮನೆಯವರು ಎಣ್ಣೆ ಬಿಡುತ್ತಾ ಬಂದರು, ಡಾಕ್ಟರಿಗೆ ತೋರಿಸಲಿಲ್ಲ. ಅಮ್ಮ ಅವನಿಗಿಂತ ಚಿಕ್ಕವಳು, ತಾನು ಕೂಗಿದರೆ ಅವನು ಓಗೊಡದೆ ಹೋದ ದಿನಗಳನ್ನು ಕಂಡವಳು. ಅಂದಿನಿಂದ ಅವಳ ಮಟ್ಟಿಗೆ ಕಿವಿಗೆ ಬೇಕಾದದ್ದು ಹೊರಗಿನ ಶಾಖ ಮಾತ್ರ. ಇದನ್ನು ಅವಳು ಅಜ್ಜಿಗೆ ನೇರವಾಗಿ ಹೇಳಿದವಳಲ್ಲ. ಆ ಮನೆಯಲ್ಲಿ ಅತ್ತೆ ಸೊಸೆ ಎದುರಾಬದುರು ಮಾತಾಡುವ ಪದ್ಧತಿಯೇ ಇರಲಿಲ್ಲ. ಮಧ್ಯೆ ನಾನೋ, ಅಪ್ಪನೋ, ಯಾರೂ ಇಲ್ಲದಿದ್ದರೆ ಗೋಡೆಯೋ ಬೇಕಿತ್ತು.

"ರತ್ನೀ, ಆ ಕಲ್ಯಾಣದುರ್ಗದೋಳಿಗೆ ಹೇಳು, ಉಪ್ಪು ಹುರಿದು ಹುರಿದು ಹೆಂಚು ತೂತಾಗ್ತೈತೆ ಅಂತ."

"ರತ್ನಾ, ನಿಮ್ಮಜ್ಜಿಗೆ ಹೇಳು, ಹೆಂಚು ನಮ್ಮ ತವರಿಂದ ತಂದಿದ್ದು ಅಂತ."

ಇಬ್ಬರೂ ಮೂರು ಮಾರು ದೂರದಲ್ಲಿ ನಿಂತು, ಇಬ್ಬರಿಗೂ ಎಲ್ಲವೂ ಕೇಳಿಸುತ್ತಿದ್ದಾಗಲೂ ನಾನು ಎರಡೂ ಕಡೆ ಮಾತನ್ನು ಒಪ್ಪಿಸುತ್ತಿದ್ದೆ. ಅದರಲ್ಲಿ ನನಗೊಂದು ಅಧಿಕಾರ ಸಿಕ್ಕಿತ್ತು. ಬೇಕೆಂದಾಗ ಒಂದೆರಡು ಮಾತು ಸೇರಿಸಿಯೂ ಇರಬಹುದು. ಇವತ್ತು ಆ ಅಡುಗೆಮನೆಯನ್ನು ನೆನೆದರೆ ಅವರ ಜಗಳವೇ ನನಗೆ ಹಾಡಿನಂತೆ ಕೇಳುತ್ತದೆ. ಆಗಲೂ ಅದು ಹೆದರಿಸುವ ಜಗಳವಾಗಿರಲಿಲ್ಲ. ನನ್ನ ಒಂದು ಕಿವಿಗಾಗಿ ಇಬ್ಬರು ಹೆಂಗಸರು ಹೊಡೆದಾಡುತ್ತಿದ್ದಾರೆ ಎನ್ನುವುದೇ ಸುಖವಾಗಿತ್ತು.

ಸಂಕ್ರಾಂತಿ ಕಳೆದ ಮೇಲೆ ಒಂದು ಸಂಜೆ ಆ ಸುಖ ಮುಗಿಯಿತು. ನೆಗಡಿ ಹತ್ತಿ, ಮಧ್ಯಾಹ್ನದಿಂದ ಬಲಗಿವಿ ಸಿಡಿಯುತ್ತಿತ್ತು. ಅಮ್ಮ ಬೀದಿಯ ನಲ್ಲಿಗೆ ನೀರಿಗೆ ಹೋಗಿದ್ದಳು, ಅಲ್ಲಿ ಕೊಡಗಳ ಸಾಲಿನಲ್ಲಿ ನಿಂತರೆ ಬೇಗ ಬರುವ ಹಾಗಿರಲಿಲ್ಲ. ಅಜ್ಜಿ ಕೊಡತಿ ಕೆಳಗಿಟ್ಟು ಬಂದಳು, ಒಲೆಯ ಮೇಲೆ ಸೌಟು ಹಿಡಿದಳು, ನನ್ನನ್ನು ತೊಡೆಯ ಮೇಲೆ ಹಾಕಿಕೊಂಡಳು. ಎಣ್ಣೆಯಲ್ಲಿ ಬೆರಳು ಅದ್ದಿದ್ದನ್ನು ನಾನು ಕಣ್ಣಾರೆ ನೋಡಿದೆ. "ಬೆಚ್ಚಗೈತೆ ಕಣಮ್ಮ" ಎಂದಳು. ಆಮೇಲೆ ಏನಾಯಿತೆಂದು ಬರೆಯುವುದು ಕಷ್ಟ. ಮೊದಲ ತೊಟ್ಟಿಗೇ ನಾನು ಅರಚಿ ಎದ್ದೆ, ಸೌಟು ಉರುಳಿತು. ನನ್ನ ಕೂಗು ನಲ್ಲಿಯವರೆಗೂ ಕೇಳಿಸಿತಂತೆ. ಅಮ್ಮ ಕೊಡವನ್ನು ಅಲ್ಲೇ ಬಿಟ್ಟು ಓಡಿ ಬಂದಳು. ಕಿವಿಯ ಬಾಯಿ ಕೆಂಪಾಗಿ, ಹಾಲೆಯ ಮೇಲೆ ಗುಳ್ಳೆ ಏಳುತ್ತಿತ್ತು. ತಣ್ಣೀರಿನ ಬಟ್ಟೆಯನ್ನು ಹಾಲೆಗೆ ಒತ್ತಿ ಹಿಡಿದುಕೊಂಡೇ ಅಮ್ಮ ಅಜ್ಜಿಯ ಕಡೆ ತಿರುಗಿದಳು. ನಡುವೆ ನಾನಿರಲಿಲ್ಲ, ಗೋಡೆಯೂ ಇರಲಿಲ್ಲ.

"ನಮ್ಮಣ್ಣನ ಕಿವಿ ತಿಂದಿದ್ದೂ ಇದೇ ಎಣ್ಣೆ. ಈಗ ನನ್ನ ಮಗಳದ್ದೂ ತಿಂದ್ಬುಟ್ರಿ."

"ಬೆಚ್ಚಗಿತ್ತು ಕಣಮ್ಮ. ಬೆರಳು ಅದ್ದಿ ನೋಡ್ದೆ."

"ಸುಳ್ಳು. ಕುದಿಯೋ ಎಣ್ಣೇಲಿ ಬೆರಳು ಅದ್ದೋರು ಯಾರಿದ್ದಾರೆ? ನೀವು ನೋಡೇ ಇಲ್ಲ."

ಅಜ್ಜಿ ತನ್ನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಅಜ್ಜಿ ಬೆರಳು ಅದ್ದಿದ್ದು ನಿಜ ಎಂದು ನಾನು ಅಳುವಿನ ನಡುವೆ ಹೇಳಿದೆನೇ? ಹೇಳಿದ್ದೆನೆಂದೇ ನನ್ನ ನೆನಪು. ಆದರೆ ಆ ಹೊತ್ತಿನಲ್ಲಿ ನನ್ನ ಮಾತನ್ನು ಸಾಗಿಸುವವರು ಯಾರೂ ಇರಲಿಲ್ಲ.

ಮರುದಿನ ಬೆಳಗ್ಗೆ ಅಮ್ಮ ಟ್ರಂಕು ತುಂಬಿದಳು. ಅಪ್ಪ ಬಸ್‌ಸ್ಟ್ಯಾಂಡಿನವರೆಗೂ ಅದನ್ನು ಹೊತ್ತುಕೊಂಡು ಬಂದ, ಹೋಗಬೇಡ ಎಂದು ಮಾತ್ರ ಹೇಳಲಿಲ್ಲ. ಪಡಸಾಲೆಯಲ್ಲಿ ಹೆಂಗಸರು ಆಗಲೇ ಕುಟ್ಟಲು ಕೂತಿದ್ದರು. ಅಜ್ಜಿ ತಲೆ ಎತ್ತದೆ ಕುಟ್ಟುತ್ತಿದ್ದಳು. ಓಣಿ ತಿರುಗುವವರೆಗೂ ಆ ಸದ್ದು ಎಡಗಿವಿಯಲ್ಲಿ ಕೇಳಿಸುತ್ತಿತ್ತು. ಬಲಗಿವಿಗೆ ಹತ್ತಿಯ ಮೇಲೆ ಬಟ್ಟೆ ಕಟ್ಟಿದ್ದರು.

ಕಲ್ಯಾಣದುರ್ಗಕ್ಕೆ ಇಳಿದ ಕೂಡಲೇ ಮನೆಗೂ ಹೋಗದೆ ಅಮ್ಮ ನನ್ನನ್ನು ಡಾಕ್ಟರ ಹತ್ತಿರ ಕರೆದೊಯ್ದಳು. ಬಿಳಿಗೂದಲಿನ, ನಿಧಾನದ ಮನುಷ್ಯ. ಸಣ್ಣ ದೀಪ ಇಟ್ಟು ಬಗ್ಗಿ ನೋಡಿ ತೆಲುಗಿನಲ್ಲಿ ಕೇಳಿದರು.

"ಏಮ್ಮಾ, ಚೆವಿಲೋ ನೂನೆ ಪೋಸಿನಾರಾ?"

"ಪೋಸಿನಾರು ಸಾರ್, ಮಾ ಅತ್ತ" ಎಂದು ಅಮ್ಮ ದೂರು ಒಪ್ಪಿಸಿದಳು. ಅತ್ತೆ ಎಣ್ಣೆ ಬಿಟ್ಟರು ಎನ್ನುವ ಆ ಮಾತಿನಲ್ಲಿ ಬಸ್ಸಿನುದ್ದಕ್ಕೂ ಕಾಯಿಸಿಕೊಂಡು ಬಂದ ಸಿಟ್ಟಿತ್ತು. ಅಷ್ಟರಲ್ಲಿ ನಾನು ಮಿಸುಕಾಡಿದೆ, ಅವಳು ಕನ್ನಡದಲ್ಲಿ ಗದರಿದಳು, ಡಾಕ್ಟರೂ ಕನ್ನಡಕ್ಕೆ ತಿರುಗಿದರು.

"ನೋಡಮ್ಮ, ಕಿವಿಯ ಬಾಯಿ ಹತ್ರ ಚರ್ಮ ಸುಟ್ಟಿದೆ. ಒಳಗೆ ಊದಿಕೊಂಡಿದೆ, ತಮಟೆ ಈಗ ಸರಿಯಾಗಿ ಕಾಣಲ್ಲ. ವಾಸಿಯಾದ ಮೇಲೆ ನೋಡಿ ಹೇಳ್ತೀನಿ. ಮೊದಲು ನೋವು ಬಂದಿದ್ದು ನೆಗಡಿಯಿಂದ. ಮೂಗಿನ ಹಿಂದಿನಿಂದ ಕಿವಿಗೆ ಒಂದು ಸಣ್ಣ ನಾಳ ಇರುತ್ತೆ, ನೆಗಡಿ ಆದ್ರೆ ಅದು ಕಟ್ಟಿಕೊಳ್ಳುತ್ತೆ. ಎಷ್ಟೋ ಸಲ ಆ ನೋವು ತಾನಾಗೇ ಹೋಗುತ್ತೆ. ಗುಳಿಗೆ ಕೊಡ್ತೀನಿ. ಒಳಗೆ ಎಣ್ಣೆ, ನೀರು, ಕಡ್ಡಿ ಏನೂ ಬೇಡ. ಕೀವು ಬಂದ್ರೆ, ಜ್ವರ ಬಂದ್ರೆ, ಕೇಳೋದು ಮಂದ ಆದ್ರೆ ತಡ ಮಾಡದೆ ಬನ್ನಿ."

"ನಾನು ಉಪ್ಪಿನ ಶಾಖ ಕೊಡ್ತೀನಿ ಸಾರ್" ಎಂದಳು ಅಮ್ಮ, ಶಹಬ್ಬಾಸ್ ಎನ್ನುತ್ತಾರೆಂದು ಕಾದು.

"ಈ ಗಾಯ ಮಾಯೋವರೆಗೂ ಅದೂ ಬೇಡ. ಆಮೇಲೂ ಹೊರಗಿಂದ, ಹದವಾಗಿ. ಉಪ್ಪೂ ಸುಡುತ್ತಮ್ಮ. ಮಗೂಗೆ ಇಡೋ ಮೊದಲು ನಿಮ್ಮ ಕೆನ್ನೆಗೆ ಇಟ್ಟು ನೋಡಿ, ಕೈಯನ್ನ ನಂಬಬೇಡಿ."

ಅಮ್ಮನ ಮುಖ ಸಣ್ಣದಾಯಿತು. ಅವಳಿಗೆ ಬೇಕಾಗಿದ್ದುದು ಒಂದು ತೀರ್ಪು, ಸಿಕ್ಕಿದ್ದು ಇಬ್ಬರಿಗೂ ಹಂಚುವ ಬುದ್ಧಿಮಾತು. ಆದರೆ ಅದಕ್ಕಿಂತ ಹೆಚ್ಚಾಗಿ ಅವಳನ್ನು ಕಾಡಿದ್ದು "ವಾಸಿಯಾದ ಮೇಲೆ ನೋಡಿ ಹೇಳ್ತೀನಿ" ಎನ್ನುವ ಮಾತು. ಮಗಳ ಕಿವಿ ಉಳಿಯಿತೋ ಇಲ್ಲವೋ ಎಂದು ತಿಳಿಯದ ದಿನಗಳು ಶುರುವಾದವು.

ಮಾವನ ಮನೆ ಕಡಲೆಕಾಯಿಯ ಮನೆ. ಅಂಗಳದಲ್ಲಿ ಕಾಯಿಯ ರಾಶಿ, ಮೂಲೆಯಲ್ಲಿ ಸಿಪ್ಪೆಯ ರಾಶಿ, ಎಲ್ಲೆಲ್ಲೂ ಒಣ ಮಣ್ಣಿನ ವಾಸನೆ. ಹುರಿದ ಕಾಯಿ, ಬೇಯಿಸಿದ ಕಾಯಿ, ಕಾಯಿ ಚಟ್ನಿ, ಬೆಲ್ಲದ ಉಂಡೆ ಎಂದು ನನಗೆ ತಿನ್ನಲು ಕೊಟ್ಟಿದ್ದೇ ಕೊಟ್ಟಿದ್ದು. ಮಾವ ನನ್ನನ್ನು ಯಾವಾಗಲೂ ತನ್ನ ಎಡಕ್ಕೆ ಕೂರಿಸಿಕೊಳ್ಳುತ್ತಿದ್ದ, ಅವನಿಗೆ ಕೇಳಿಸುವ ಕಿವಿ ಅದು. ಬಲಗಡೆಯಿಂದ ಯಾರಾದರೂ ಕರೆದರೆ ಮೈಯನ್ನೇ ತಿರುಗಿಸಿ ನೋಡುತ್ತಿದ್ದ. ಅವನು ಹಾಗೆ ತಿರುಗಿದಾಗಲೆಲ್ಲ ಅಮ್ಮ ನನ್ನನ್ನು ನೋಡುತ್ತಿದ್ದಳು. ಆಮೇಲೆ ಅವಳಿಗೊಂದು ಹೊಸ ಚಾಳಿ ಅಂಟಿಕೊಂಡಿತು. ನಾನು ಆಟದಲ್ಲಿ ಮುಳುಗಿರುವಾಗ ಹಿಂದಿನಿಂದ ಬಂದು, ಬಲಗಿವಿಯ ಹತ್ತಿರ ಮೆಲ್ಲಗೆ ಕೇಳುತ್ತಿದ್ದಳು.

"ಬೆಲ್ಲ ಬೇಕಾ ರತ್ನಾ?"

ಹತ್ತಿ ಇಟ್ಟ ಕಿವಿಗೆ ಕೆಲವು ದಿನ ಅದು ಕೇಳಿಸುತ್ತಿತ್ತು, ಕೆಲವು ದಿನ ಇಲ್ಲ. ಕೇಳಿಸದ ದಿನ ತಿರುಗಿ ನೋಡಿದರೆ ಅವಳು ಬಾಯಿಗೆ ಸೆರಗು ಒತ್ತಿಕೊಂಡು ಅಲ್ಲೇ ನಿಂತಿರುತ್ತಿದ್ದಳು. ನನಗೆ ಬೆಲ್ಲ ತಪ್ಪಿಹೋಯಿತೆಂದು ಬೇಸರ. ಅವಳಿಗೆ ಏನು ತಪ್ಪಿಹೋಗುತ್ತಿದೆ ಅನ್ನಿಸುತ್ತಿತ್ತು ಎಂದು ತಿಳಿಯುವ ವಯಸ್ಸಲ್ಲ.

ನನಗೆ ನಮ್ಮ ಮನೆ ಬೇಕಿತ್ತು. ಇದನ್ನು ಯಾರಿಗೂ ಹೇಳುವ ಹಾಗಿರಲಿಲ್ಲ, ಹೇಳಿದರೆ ಅಮ್ಮನಿಗೆ ದ್ರೋಹ ಮಾಡಿದಂತೆ. ಊಟಕ್ಕೆ ಕೂತರೆ ಸಾರಿನಲ್ಲಿ ನಮ್ಮ ಹುಳಿ ಇರಲಿಲ್ಲ. ಮಲಗಿದರೆ ದಿಂಬಿಗೆ ನಮ್ಮ ವಾಸನೆ ಇರಲಿಲ್ಲ. ಟ್ರಂಕಿನ ತಳದಲ್ಲಿದ್ದ ಹಬ್ಬದ ಲಂಗಕ್ಕೆ ಮಾತ್ರ ಇನ್ನೂ ಹುಣಸೆಯ ವಾಸನೆ ಉಳಿದಿತ್ತು. ಅಮ್ಮ ಹಿತ್ತಲಿಗೆ ಹೋದಾಗ ಮುಚ್ಚಳ ತೆಗೆದು ಅದರಲ್ಲಿ ಮುಖವಿಟ್ಟುಕೊಳ್ಳುತ್ತಿದ್ದೆ. ಒಂದು ದಿನ ಅಮ್ಮನೇ ಹಾಗೆ ಮುಖವಿಟ್ಟುಕೊಂಡು ಕೂತಿದ್ದನ್ನು ಕಂಡೆ. ನಾನು ಸದ್ದು ಮಾಡದೆ ಹಿಂದಕ್ಕೆ ಬಂದುಬಿಟ್ಟೆ.

ಒಂದು ಭಾನುವಾರ ಅಪ್ಪ ಬಂದ. ಗಡ್ಡ ಬಿಟ್ಟಿದ್ದ. ಮಾವನ ಜೊತೆ ಕಡಲೆಕಾಯಿಯ ಬೆಳೆ, ಮಂಡಿಯ ಸುದ್ದಿ ಎಲ್ಲ ಮಾತಾಡಿ, ಕೊನೆಗೆ ಹೊರಡುವ ಹೊತ್ತಿಗೆ ಬಾಗಿಲ ಹತ್ತಿರ ಅಮ್ಮನಿಗೆ ಹೇಳಿದ.

"ನಮ್ಮಮ್ಮ ಸರಿಯಾಗಿ ಉಣ್ತಿಲ್ಲ. ಸಾರಿಗೆ ಒಗ್ಗರಣೆ ಹಾಕೋದೂ ಬಿಟ್ಟವ್ಳೆ. ಬಂದ್ಬುಡು."

"ಒಂದೇ ಮಾತು ಕೇಳ್ತೀನಿ. ತಪ್ಪಾಯ್ತು ಅಂತ ಅವ್ರು ಅಂದ್ರ?"

ಅಪ್ಪ ಚಪ್ಪಲಿ ಹುಡುಕತೊಡಗಿದ. ಚಪ್ಪಲಿ ಅವನ ಕಾಲಲ್ಲೇ ಇತ್ತು.

"ಅನ್ನೋವರ್ಗೂ ನಾನು ಬರಾಕಿಲ್ಲ. ನನ್ನ ಮಗಳ ಕಿವಿ ಏನು ಕಡಲೆಕಾಯಾ, ಹೋದ್ರೆ ಇನ್ನೊಂದು ತರಾಕೆ?"

ಅಪ್ಪ ಹೋದ. ನಾನು ಬೀದಿಯ ಕೊನೆಯವರೆಗೂ ಅವನ ಹಿಂದೆ ಓಡಿ, ಅಲ್ಲಿ ನಿಂತು ಅತ್ತುಬಿಟ್ಟೆ. ನಮ್ಮ ಮನೆ ನಮಗೆ ಇನ್ನು ಇಲ್ಲ ಎಂದು ಆ ದಿನ ನನಗೆ ಖಾತ್ರಿಯಾಗಿತ್ತು. ಅಜ್ಜಿ ತಪ್ಪಾಯಿತು ಎಂದು ಹೇಳುವ ಪೈಕಿ ಅಲ್ಲ. ಅದರಲ್ಲೂ ಬೆರಳು ಅದ್ದಿ ನೋಡಿದ್ದು ನಿಜವಾಗಿರುವಾಗ.

ಗಾಯ ಮಾಯ್ದು ಹೊಸ ಚರ್ಮ ಬಂದಿತ್ತು. ಹುಣಸೆಯ ಹೊಸ ಹಣ್ಣು ಬರುವ ಕಾಲವೂ ಆಗಿತ್ತು. ಒಂದು ಮಧ್ಯಾಹ್ನ ನಾನು ಅಂಗಳದಲ್ಲಿ ಕಾಯಿ ಸುಲಿಯುತ್ತಾ ಕೂತಿದ್ದೆ. ತಲೆಯ ಮೇಲೆ ಸೆರಗು ಹೊದ್ದ ಹೆಂಗಸೊಬ್ಬಳು ಬಂದು ಜಗಲಿಯ ತುದಿಗೆ ಕೂತಳು. ತೊಡೆಯ ಮೇಲೊಂದು ಬಟ್ಟೆಯ ಚೀಲ. ನಾನು ಮೊದಲು ಗುರುತಿಸಿದ್ದು ಮುಖವನ್ನಲ್ಲ, ಚೀಲದಿಂದ ಬಂದ ವಾಸನೆಯನ್ನು. ಓಡಿ ಹೋಗಿ ತಬ್ಬಿಕೊಂಡೆ. ಅಜ್ಜಿ ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಬಲಗಿವಿಯನ್ನು ಬಿಸಿಲಿಗೆ ತಿರುಗಿಸಿ ನೋಡಿದಳು. ಮುಟ್ಟಲಿಲ್ಲ.

ಬೀಗರ ಮನೆಗೆ ಕರೆಯದೆ ಬಂದವಳು ಅವಳು, ಜಗಲಿ ದಾಟಿ ಒಳಗೆ ಬರುವಂತಿರಲಿಲ್ಲ. ಮಾವ ಬಂದು ಉಪಚಾರ ಮಾಡಿದ.

"ಒಳೀಕೆ ಬನ್ನಿ ಅಮ್ಮಾ."

"ಏನಪ್ಪಾ?"

"ಒಳೀಕೆ ಬನ್ನಿ ಅಂದೆ."

"ಹಾಂ? ಇತ್ಲಾಗೆ ಬಂದು ಹೇಳಪ್ಪ. ನನ್ ಮಗ ಸೀನ ಬಂದಿಲ್ಲ, ನಾನೇ ಬಂದೆ."

ಅವಳು ಎಡಗಿವಿ ಕೊಡಲು ಅತ್ತ ತಿರುಗಿದರೆ, ಅವನು ತನ್ನ ಎಡಗಿವಿ ಕೊಡಲು ಇತ್ತ ತಿರುಗುತ್ತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ಸುತ್ತುತ್ತಿದ್ದರು. ನನಗೆ ನಗು ತಡೆಯಲಾಗಲಿಲ್ಲ. ಅಜ್ಜಿಗೆ ಕಿವಿ ಯಾವಾಗ ಮಂದವಾಯಿತು ಎಂದು ಮಾತ್ರ ನನಗೆ ಹೊಳೆಯಲಿಲ್ಲ. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಬಹಳ ಹೊತ್ತಾದ ಮೇಲೆ ಒಂದು ಚೊಂಬು ನೀರು ತಂದು ಜಗಲಿಯ ಮೇಲಿಟ್ಟಳು. ಸೊಸೆಯ ಕೈಯಿಂದ ನೀರು ಬಂದ ಮೇಲೆ ಅಜ್ಜಿ ಕಾಲು ತೊಳೆದು ಒಳಗೆ ಬಂದಳು, ಚೀಲದ ಹೊಸ ಹಣ್ಣನ್ನು ದೇವರ ಮುಂದಿಟ್ಟಳು.

ಸಂಜೆ ತಣ್ಣಗೆ ಗಾಳಿ ಬೀಸಿತು. ನನಗೆ ಎರಡು ದಿನದಿಂದ ನೆಗಡಿ ಇತ್ತು, ಕಿವಿ ಒಳಗೊಳಗೇ ಮಿಡಿಯತೊಡಗಿತು. ನಾನು ತಲೆ ವಾರೆ ಮಾಡಿದ್ದನ್ನು ಇಬ್ಬರೂ ಒಟ್ಟಿಗೆ ಗಮನಿಸಿದರು. ಅಮ್ಮ ಎದ್ದು ಹೆಂಚಿಟ್ಟು ಉಪ್ಪು ಹುರಿದಳು, ಗಂಟು ಕಟ್ಟಿದಳು. ಒಲೆಯ ಪಕ್ಕ ಗೋಡೆಗೊರಗಿ ಕೂತಿದ್ದ ಅಜ್ಜಿ ಕೈ ಚಾಚಿದಳು.

"ತಾ ಇಲ್ಲಿ."

ಅಮ್ಮ ಗಂಟನ್ನು ಎದೆಗೆ ಹಿಡಿದುಕೊಂಡು ನಿಂತಳು. ಅವಳ ಕೈ ಮುಂದಕ್ಕೆ ಬರಲು ಎಷ್ಟು ಕಷ್ಟಪಟ್ಟಿತೆಂದು ನನಗೆ ಈಗಲೂ ಕಾಣುತ್ತದೆ. ಕೊನೆಗೆ ಕೊಟ್ಟಳು. ಅಜ್ಜಿ ನನ್ನನ್ನು ತೊಡೆಯ ಮೇಲೆ ಎಳೆದುಕೊಂಡಳು, ಗಂಟನ್ನು ಮೇಲೆತ್ತಿದಳು. ನಾನು ಕಣ್ಣು ಮುಚ್ಚಿದೆ, ಹಲ್ಲು ಕಚ್ಚಿದೆ. ಕಾವು ಬರಲಿಲ್ಲ. ಕಣ್ಣು ಬಿಟ್ಟರೆ ಗಂಟು ನನ್ನ ಕಿವಿಯ ಹತ್ತಿರ ಇರಲಿಲ್ಲ. ಅಜ್ಜಿ ಅದನ್ನು ಅಮ್ಮನ ಕಡೆಗೆ ಚಾಚಿದ್ದಳು.

"ನೀನು ನೋಡವ್ವ. ನಿನ್ ಕೆನ್ನೆಗೆ ಇಟ್ಟು ನೋಡು. ನನ್ ಕೈಗೆ ಕಾವು ತಿಳಿಯಾಕಿಲ್ಲ."

ಅಮ್ಮನ ಕಣ್ಣು ಗಂಟಿನಿಂದ ಅಜ್ಜಿಯ ಬೆರಳುಗಳಿಗೆ ಹೋಯಿತು.

"ನೀ ಸುಳ್ಳು ಅಂದ್ಯಲ್ಲ. ನಾನು ಬೆರಳು ಅದ್ದಿದ್ದು ನಿಜ ಕಣಮ್ಮ. ಮತ್ಯಾಕೆ ಮಗೀಗೆ ಸುಡ್ತು ಅಂತ ನನಗೂ ತಲೆ ಕೆಟ್ಟೋಯ್ತು. ನೀವು ಹೋದ್ಮ್ಯಾಲೆ ಅದೇ ಸೌಟು, ಅದೇ ಎಣ್ಣೆ ಕಾಯಿಸ್ದೆ. ಬೆರಳು ಅದ್ದಿದೆ, ಬೆಚ್ಚಗೇ ಐತೆ ಅನ್ನಿಸ್ತು. ಅದನ್ನೇ ನನ್ ಕಿವಿಗೆ ಬಿಟ್ಕಂಡೆ. ಆಗ ತಿಳೀತು."

ಅಷ್ಟು ಹೇಳಿ ಸೆರಗನ್ನು ಹಿಂದಕ್ಕೆ ಸರಿಸಿದಳು. ಬಂದಾಗಿನಿಂದ ತಲೆಯ ಮೇಲಿದ್ದ ಸೆರಗು ಅದು, ಬೀಗರ ಮನೆಯೆಂದು ಮರ್ಯಾದೆಗೆ ಹೊದ್ದಿದ್ದಾಳೆ ಎಂದುಕೊಂಡಿದ್ದೆವು. ಬಲಗಿವಿಯ ಹಾಲೆಗೆ ಅರಿಶಿನ ಮೆತ್ತಿತ್ತು, ಕಿವಿಯಲ್ಲಿ ಹತ್ತಿ ಇತ್ತು, ಚರ್ಮ ಸುಲಿದು ಕೆಂಪಗಿತ್ತು. ನನಗೆ ಸುಟ್ಟ ಜಾಗದಲ್ಲೇ ಅವಳಿಗೂ ಸುಟ್ಟಿತ್ತು.

"ತಪ್ಪು ನನ್ ಕೈದು" ಎಂದಳು. "ಈ ಕೈ ಯಾವತ್ತೋ ಸತ್ತೋಗೈತೆ. ನನಗೇ ಗೊತ್ತಿರ್ಲಿಲ್ಲ."

ಅಮ್ಮ ಅಲ್ಲೇ ಕುಸಿದು ಕೂತಳು. ಅಜ್ಜಿಯ ಕೈಯಲ್ಲಿದ್ದ ಗಂಟಿಗೆ ತಾನೇ ಬಗ್ಗಿ ಕೆನ್ನೆ ಕೊಟ್ಟಳು. ಕೊಟ್ಟವಳು ತೆಗೆಯಲೇ ಇಲ್ಲ. ಅವಳ ಕಣ್ಣೀರು ಗಂಟಿನ ಬಟ್ಟೆಗೆ ಇಳಿಯುತ್ತಿತ್ತು. ಕಾವು ನೋಡಲು ಅಷ್ಟು ಹೊತ್ತು ಬೇಕಾಗಿರಲಿಲ್ಲ ಎಂದು ಮಗುವಾದ ನನಗೂ ಗೊತ್ತಾಯಿತು. ಕೊನೆಗೆ ತಲೆಯಾಡಿಸಿದಳು.

"ಹೂಂ."

ಆಮೇಲೆ ಗಂಟು ನನ್ನ ಕಿವಿಯ ಹಿಂದೆ ಬಂದು ಕೂತಿತು. ಹದವಾದ ಕಾವು. ಅಜ್ಜಿಯ ಹೊಟ್ಟೆಯ ಗುಡುಗುಡು ಕೇಳಿಸಿತು.

ಮರುದಿನ ಅಮ್ಮ ನಮ್ಮಿಬ್ಬರನ್ನೂ ಡಾಕ್ಟರ ಮುಂದೆ ಕೂರಿಸಿದಳು. ನನ್ನ ಕಿವಿಯ ತಮಟೆ ನೆಟ್ಟಗಿದೆ, ಮಂದ ಆಗಿದ್ದು ಊತದಿಂದ, ಈಗ ಚೆನ್ನಾಗಿ ಕೇಳುತ್ತದೆ ಎಂದರು. ಅಜ್ಜಿಯ ಕಿವಿ ನೋಡಿ ಮಾತ್ರ ಕನ್ನಡಕ ತೆಗೆದು ಬೈದರು. ಒಳಗೆ ಗಾಯವಾಗಿ ತಿಂಗಳಾಗುತ್ತಾ ಬಂದಿದೆ, ಈಗ ಬಂದಿದ್ದೀರಲ್ಲಮ್ಮ ಎಂದರು. ಔಷಧಿ ಕೊಟ್ಟರು. ಗಾಯ ಮಾಯಿತು, ಆದರೆ ಆ ಕಿವಿ ಪೂರ್ತಿ ಹಿಂದಿರುಗಲಿಲ್ಲ. ಅಮ್ಮ ಇಷ್ಟು ದಿನ ಯಾರ ಕಿವಿಗಾಗಿ ಹೆದರಿದ್ದಳೋ ಆ ಕಿವಿ ಉಳಿಯಿತು, ಯಾರದನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲವೋ ಅದು ಹೋಯಿತು. ಬಸ್ಸಿನಲ್ಲಿ ಹಿಂದೂಪುರದವರೆಗೂ ಅಮ್ಮ ಅಜ್ಜಿಯ ಎಡಗಡೆಗೇ ಕೂತಿದ್ದಳು.

ಆಮೇಲೆ ನಮ್ಮ ಮನೆಯಲ್ಲಿ ನನ್ನ ಅಧಿಕಾರ ಹೋಯಿತು. ಅಜ್ಜಿಗೆ ಕೇಳಿಸಬೇಕೆಂದರೆ ಹತ್ತಿರ ಹೋಗಿ ಜೋರಾಗಿ ಹೇಳಬೇಕಿತ್ತು, ಗೋಡೆಗೆ ಹೇಳಿದರೆ ನಡೆಯುತ್ತಿರಲಿಲ್ಲ. ಅಷ್ಟು ವರ್ಷ ಎದುರು ನಿಂತು ಮಾತಾಡದಿದ್ದ ಅತ್ತೆ ಸೊಸೆ ಈಗ ಓಣಿಗೆಲ್ಲ ಕೇಳುವ ಹಾಗೆ ಉಪ್ಪು ಸಾಕಾ, ಬೇಳೆ ಬೆಂತಾ ಎಂದು ಕೂಗಾಡುತ್ತಿದ್ದರು. ಸೌದೆ ಒಲೆಯ ಮೇಲೆ ಒಗ್ಗರಣೆ ಸೌಟು ಮತ್ತೆ ಚಟಗುಟ್ಟಿತು, ಸಾರಿಗೆ ಮಾತ್ರ. ಕಿವಿನೋವು ಬಂದರೆ ಒಂದೇ ಒಲೆ. ಅಜ್ಜಿ ಉಪ್ಪು ಹುರಿಯುತ್ತಿದ್ದಳು, ಗಂಟು ಕಟ್ಟುತ್ತಿದ್ದಳು, ಅಮ್ಮ ಎಲ್ಲಿದ್ದರೂ ಹುಡುಕಿಕೊಂಡು ಹೋಗಿ ಅವಳ ಕೆನ್ನೆಗೆ ಹಿಡಿಯುತ್ತಿದ್ದಳು. ಬಟ್ಟೆ ಒಗೆಯುತ್ತಿರಲಿ, ಹುಣಸೆ ಕುಟ್ಟುತ್ತಿರಲಿ, ಅಮ್ಮ ಕೆಲಸ ನಿಲ್ಲಿಸದೆ ಕೆನ್ನೆ ಕೊಟ್ಟು "ಹೂಂ" ಎನ್ನುತ್ತಿದ್ದಳು. ಆ ಹೂಂ ಬಂದ ಮೇಲೆಯೇ ಕಾವು ನನ್ನ ಹತ್ತಿರ ಬರುತ್ತಿತ್ತು. ಅಪ್ಪನಿಗೆ ಹಲ್ಲುನೋವು ಬಂದಾಗಲೂ ಹಾಗೇ ನಡೆಯಿತು. ಯಾರು ಗೆದ್ದರೆಂದು ವಾಸನೆ ಹಿಡಿಯುವ ಕೆಲಸ ಅವನಿಗೆ ಉಳಿಯಲಿಲ್ಲ.

ಅಜ್ಜಿ ಹೋದ ಮೇಲಿನ ಚಳಿಗಾಲದಲ್ಲಿ ನನಗೆ ಕಿವಿ ನೋಯಿತು. ಆಗ ನಾನು ಕಾಲೇಜು ಹುಡುಗಿ, ಗುಳಿಗೆ ನುಂಗಿ ಮಲಗಿದ್ದರೆ ಸಾಕಿತ್ತು. ಅಮ್ಮ ಕೇಳದೆ ಉಪ್ಪು ಹುರಿದಳು. ಗಂಟನ್ನು ತನ್ನ ಕೆನ್ನೆಗೆ ತಾನೇ ಇಟ್ಟುಕೊಂಡಳು, ಹಾಗೇ ಒಂದು ಗಳಿಗೆ ನಿಂತಳು. ಅವಳು ಯಾರ ಕೈಗಾಗಿ ಕಾಯುತ್ತಿದ್ದಾಳೆಂದು ನನಗೆ ಗೊತ್ತಿತ್ತು.

ಈಗ ಅಮ್ಮನೂ ಇಲ್ಲ. ಆ ಮನೆಯ ಜಾಗದಲ್ಲಿ ಗೋಡೌನು ಬಂದಿದೆಯಂತೆ, ನಾನು ಹೋಗಿ ನೋಡಿಲ್ಲ. ನನ್ನ ಬಲಗಿವಿ ಈ ವಯಸ್ಸಿನಲ್ಲೂ ಚಳಿ ಬಿದ್ದರೆ ಸ್ವಲ್ಪ ಮಿಡಿಯುತ್ತದೆ. ಡಾಕ್ಟರಿಗೆ ತೋರಿಸಿದ್ದೇನೆ, ಹೆದರುವಂಥದ್ದೇನಿಲ್ಲ, ಬೆಚ್ಚಗಿಡಿ ಎಂದಿದ್ದಾರೆ. ಮನೆಯವರು ಕರೆಂಟಿನಿಂದ ಬಿಸಿಯಾಗುವ ಚೀಲ ತಂದುಕೊಟ್ಟಿದ್ದಾರೆ, ಅದು ಬೀರುವಿನಲ್ಲಿದೆ. ನಾನು ಗ್ಯಾಸಿನ ಮೇಲೆ ಹೆಂಚಿಟ್ಟು ಉಪ್ಪು ಹುರಿಯುತ್ತೇನೆ, ಹಳೆ ಬಟ್ಟೆಯಲ್ಲಿ ಗಂಟು ಕಟ್ಟುತ್ತೇನೆ. ಒಲೆಯ ಮುಂದೆ ವರ್ಷಗಟ್ಟಲೆ ನಿಂತ ನನ್ನ ಬೆರಳುಗಳನ್ನೂ ಈಗ ನಾನು ಅಷ್ಟು ನಂಬುವುದಿಲ್ಲ. ಗಂಟನ್ನು ಮೊದಲು ಕೆನ್ನೆಗೆ ಹಿಡಿಯುತ್ತೇನೆ. ಆಮೇಲೆ, ಕೇಳುವವರು ಯಾರೂ ಅಡುಗೆಮನೆಯಲ್ಲಿ ಇಲ್ಲದಿದ್ದರೂ, ಅಜ್ಜಿಯ ಎಡಗಿವಿಗೆ ಕೇಳಿಸುವಷ್ಟು ಜೋರಾಗಿ "ಹೂಂ" ಎನ್ನುತ್ತೇನೆ.